ಬಿಚ್ಚದ ಪೊಟ್ಟಣ

ಮಾರ್ಚ್ 3, ಬೆಳಿಗ್ಗೆ 9.20
ಮತ್ತೆ ಅದೇ ಪಾಠ. ಎಣ್ಣೆಬಾವಿಗೆ ಇಳಿಸಿದ ಉಪಕರಣ ಕಳಿಸುವ ಗೆರೆಗಳು. ಗಾಮಾ ಗೆರೆ ಬಲಕ್ಕೆ ವಾಲಿದರೆ ಜೇಡಿ, ಎಡಕ್ಕೆ ಬಂದರೆ ಮರಳು. ಎಣ್ಣೆ ಹುಡುಕುವುದು ಮರಳಿನಲ್ಲಿ. ಆರು ವಾರದಲ್ಲಿ ಕಣ್ಣು ಪಳಗಿದೆ. ಕಲಿಸುವ ಮೇಷ್ಟ್ರದ್ದು ಮಾತ್ರ ಪ್ರತಿ ಬಾವಿಗೂ ಅದೇ ರಾಗ: "ಗೆರೆ ಆಮೇಲೆ. ಮೊದ್ಲು ಕಲ್ಲಿನ ಪೊಟ್ಟಣ ಬಿಚ್ಚಿ ಮೂಸು. ಮೂಗು ಇರೋದು ಕೋಪ ಇಟ್ಕೊಳ್ಳೋಕಷ್ಟೇ ಅಲ್ಲಮ್ಮ." ನಕ್ಕೆ. ಒಳಗೊಳಗೇ ಉರಿಯಿತು. 31ಕ್ಕೆ ಅವರ ನಿವೃತ್ತಿ.

ಮಾರ್ಚ್ 11
ಮೊದಲ ಸಲ ಇಡೀ ಬಾವಿ ನನ್ನೊಬ್ಬಳ ಕೈಗೆ! ಕೊರೆಯುವಾಗ ಮೇಲೆ ಬಂದ ಕಲ್ಲುಚೂರಿನ ಪೊಟ್ಟಣಗಳು, ಮೂರು ಡಬ್ಬ, ಮೇಜಿನ ಕೆಳಗೆ. ಬರೀ ಧೂಳು. ಬಿಚ್ಚಲಿಲ್ಲ. 2140 ಮೀಟರಿನಲ್ಲಿ ಗಾಮಾ ಪೂರ್ತಿ ಬಲಕ್ಕೆ... ಜೇಡಿ. ಎಣ್ಣೆಯಿದ್ದಲ್ಲಿ ಏರುವ ರೆಸಿಸ್ಟಿವಿಟಿ ಗೆರೆ ಅಲ್ಲೇ ಏಕೋ ಏರಿತ್ತು. ಉಪಕರಣದ ಚೇಷ್ಟೆ ಎಂದು ಬಿಟ್ಟೆ.
"ಪೊಟ್ಟಣ ನೋಡಿದ್ಯಾ?"
"ನೋಡ್ದೆ ಸಾರ್."
ಬಾಯಿಗೆ ಬಂದೇಬಿಟ್ಟಿತು. ಮೇಷ್ಟ್ರು ನಂಬಿ ಸಹಿ ಹಾಕಿದರು. ಎಣ್ಣೆ ಇಲ್ಲ, ಸಿಮೆಂಟ್ ತುಂಬಿ ಮುಚ್ಚಿ — ವರದಿ ಹೋಯಿತು.

ಮಾರ್ಚ್ 19, ಮಧ್ಯಾಹ್ನ 12
ಡಬ್ಬ ಗೋಡೌನಿಗೆ ಸಾಗಿಸುವಾಗ ಒಂದು ಪೊಟ್ಟಣ ಹರಿಯಿತು. 2140. ಜೇಡಿಯಲ್ಲ. ಮರಳು — ನಸುಗೆಂಪು ಹರಳು ಬೆರೆತದ್ದು. ಪುಸ್ತಕ ತೆಗೆದೆ. ಅರ್ಧ ಪುಟವಿದೆ: ಆ ಹರಳಿದ್ದರೆ ಮರಳೂ ಗಾಮಾವನ್ನು ಬಲಕ್ಕೆ ತಳ್ಳುತ್ತದೆ. ಮೂಸಿದೆ. ಸೀಮೆಎಣ್ಣೆಯ ಹಾಗೆ... ಸೈಟಿಗೆ ಫೋನ್ ಮಾಡಿದೆ.
"ಸಿಮೆಂಟ್ ನಿನ್ನೇನೇ ಆಯ್ತು ಮೇಡಂ. ಕೊರೆಯೋ ರಿಗ್ ಬಿಚ್ತಾ ಇದೀವಿ."
ಪೊಟ್ಟಣ ನನ್ನ ಡ್ರಾಯರಿನಲ್ಲಿದೆ. ಯಾರಿಗೂ ಹೇಳಿಲ್ಲ.

ಮಾರ್ಚ್ 28
ಪಕ್ಕದ ಬಾವಿಯಲ್ಲಿ ಅದೇ ಪದರದಿಂದ ಎಣ್ಣೆ ಬಂತು. ಬಾಸ್ ಮೇಷ್ಟ್ರನ್ನು ಎಲ್ಲರೆದುರೇ ಕೇಳಿದರು: "ಕಣ್ಣು ಮಂಜಾಗಿತ್ತಾ ಸಾರ್?"
"ಸಹಿ ನಂದು. ತಪ್ಪೂ ನಂದೇ."
ನನ್ನ ಕಡೆ ನೋಡಲೂ ಇಲ್ಲ. ನಾನು ತುಟಿ ಬಿಚ್ಚಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.
ಸಂಜೆ ಮೆಟ್ಟಿಲ ಮೇಲೆ ಸಿಕ್ಕರು. ಕನ್ನಡಕ ಒರೆಸುತ್ತಾ ನಿಂತಿದ್ದರು. "ಇಷ್ಟು ವರ್ಷ ಓದ್ದೋನು... ಇದೊಂದು ಹೇಗೆ ಕಣ್ತಪ್ಪಿಹೋಯ್ತು ಅಂತ ಗೊತ್ತಾಗ್ತಿಲ್ಲಮ್ಮ. ನಿಜವಾಗ್ಲೂ ಕಣ್ಣೇ ಹೋಯ್ತೇನೋ."

ಮಾರ್ಚ್ 31, ಮಧ್ಯಾಹ್ನ 3.40
ನಾಲ್ಕಕ್ಕೆ ಬೀಳ್ಕೊಡುಗೆ. ಶಿಷ್ಯೆಯೆಂದು ನಾನು ನಾಲ್ಕು ಮಾತಾಡಬೇಕಂತೆ. ಬರೆದಿಟ್ಟ ಹೊಗಳಿಕೆಯನ್ನು ಹರಿದುಹಾಕಿದೆ. ಕೆಲಸ ಹೋದರೆ ಹೋಗಲಿ. ಪೊಟ್ಟಣ ಕೈಯಲ್ಲಿದೆ, ಬೆವರಿಗೆ ಒದ್ದೆ. ಇಷ್ಟು ಹೇಳಿದರೆ ಸಾಕು: "ಸಾರ್, ಇದು 2140. ಅವತ್ತು ನಾನು ಬಿಚ್ಚಿರಲಿಲ್ಲ. ನಿಮ್ಮ ಕಣ್ಣಿಗೇನೂ ಆಗಿಲ್ಲ, ನಾನು —"