ಪುಟ್ಟಗಂಗಮ್ಮನ ಪಕ್ಕದ ಕುರ್ಚಿ

ಜೂನ್ 10, ಮಂಗಳವಾರ. ಮಧ್ಯಾಹ್ನ 12

ಹದಿನಾಲ್ಕು ಮಾತ್ರೆ ನುಂಗಿ ಆಯ್ತು. ನುಂಗಿದೀನಿ ಅಂತ ಸಿಸ್ಟರ್‌ಗೆ ಬಾಯಿ ಕಳೆದು ತೋರಿಸಿದ್ದೂ ಆಯ್ತು. ಮೂವತ್ತು ಮಕ್ಕಳ ಬಾಯಿ ಮುಚ್ಚಿಸುವ ಟೀಚರ್ ನಾನು!

ಟಿ.ಬಿ. ವಾರ್ಡಿಗೆ ಬಂದು ಹನ್ನೆರಡು ದಿನ. ಮಾಮೂಲಿ ಔಷಧಿಗೆ ಬಗ್ಗದ ಟಿ.ಬಿ. ಅಂತೆ. ಸಿ.ಎಸ್. ಪುರದ ಸ್ಕೂಲಿಗೆ ಟೈಫಾಯಿಡ್ ಅಂತ ಹೇಳಿದೀವಿ.

ಇವತ್ತು ಕೌನ್ಸೆಲರ್ ಬಂದಿದ್ದರು, ರೂಪಶ್ರೀ ಅಂತ. ಚಿಕ್ಕ ಹುಡುಗಿ. ಕೈಯಲ್ಲೊಂದು ಫಾರಂ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಬೇಜಾರಾಗುತ್ತಾ... ಒಂದೊಂದಕ್ಕೂ ಮಾರ್ಕ್ಸ್ ಹಾಕ್ತಾರೆ. ಸರಿ ಉತ್ತರ ಯಾವುದು ಅಂತ ನನಗೆ ಗೊತ್ತಾಗಲ್ವೇ? ಏನೂ ತೊಂದರೆ ಇಲ್ಲ, ಎಲ್ಲ ಚೆನ್ನಾಗಿದೆ ಅಂದೆ. "ವೆರಿ ಗುಡ್ ಮೇಡಂ, ಧೈರ್ಯವಾಗಿದೀರಿ" ಅಂದು ಎದ್ದರು. ಐದೇ ನಿಮಿಷ.

ಪಕ್ಕದ ಬೆಡ್ಡಿನ ಪುಟ್ಟಗಂಗಮ್ಮನ ಹತ್ತಿರ ನಲವತ್ತು ನಿಮಿಷ — ಕುರ್ಚಿ ಎಳಕೊಂಡು! ಗಡಿಯಾರ ನೋಡುತ್ತಲೇ ಇದ್ದೆ.

ಜೂನ್ 13, ಶುಕ್ರವಾರ

ರೂಪಶ್ರೀ ಮತ್ತೆ ಬಂದಿದ್ದರು. "ಚೆನ್ನಾಗಿದೀರಲ್ಲ ಮೇಡಂ" ಅಂತ ನನ್ನ ದಾಟಿಕೊಂಡು ಸೀದಾ ಪುಟ್ಟಗಂಗಮ್ಮನ ಹತ್ತಿರವೇ. ಕುಣಿಗಲ್ ಬಸ್ ಸ್ಟ್ಯಾಂಡಲ್ಲಿ ಹೂ ಮಾರೋಳು ಅವಳು. "ಯಾರ್ಗೂ ಬ್ಯಾಡ್ದೋಳಾಗೋದೆ ಕಣವ್ವ" ಅಂತ ಅತ್ತಳು. ರೂಪಶ್ರೀ ಕೈ ಹಿಡಿದುಕೊಂಡರು. ನನ್ನನ್ನು ಇಷ್ಟು ದಿನದಲ್ಲಿ ಮುಟ್ಟಿರುವುದು ಸೂಜಿ ಚುಚ್ಚೋರು ಮಾತ್ರ.

ಹೊಟ್ಟೆ ಉರಿಯುತ್ತೆ. ಹೌದು, ಉರಿಯುತ್ತೆ. ಇಲ್ಲಾದರೂ ನಿಜ ಬರೀಬೇಕಲ್ಲ.

ಸಂಜೆ ನಮ್ಮನೆಯವರು ಶೆಟ್ಟಿಹಳ್ಳಿ ಮನೆಯಿಂದ ಊಟದ ಬಾಕ್ಸ್ ತಂದು ಗೇಟಲ್ಲೇ ಕೊಟ್ಟು ಫೋನ್ ಮಾಡಿದರು. "ಒಳಗೆ ಬರ್ಲೇನೇ?" ಬೇಡ, ಮಗು ಇದೆ ಮನೇಲಿ, ಚೆನ್ನಾಗಿದೀನಿ ಅಂದೆ. "ಸರಿ ಬಿಡು" ಅಂದರು. ಎಷ್ಟು ಬೇಗ ಅಂದರು!

ಜೂನ್ 14

"ಮೇಡಂನೋರೆ, ನೀವು ಓದ್ದೋರು, ಗಟ್ಟಿಗಿತ್ತೀರು. ನಿಮ್ಮಂಗಿರಾಕೆ ನಂಗಾಗಕಿಲ್ಲ" ಅಂದಳು ಪುಟ್ಟಗಂಗಮ್ಮ. ಹೊಗಳಿಕೆಯಂತೆ! ಗೋಡೆ ಕಡೆ ತಿರುಗಿ ಮಲಗಿದೆ.

ಜೂನ್ 23

ನಾಳೆ ಮತ್ತೆ ಫಾರಂ ತುಂಬಿಸ್ತಾರೆ. ಅವತ್ತು ಪಕ್ಕದ ಬೆಡ್ಡಿಂದ ಕೇಳಿಸಿದ್ದ ಪುಟ್ಟಗಂಗಮ್ಮನ ಉತ್ತರ ಎಲ್ಲ ಬಾಯಿಪಾಠ ಮಾಡಿದೀನಿ. ಕಾಪಿ ಹೊಡೆದವರನ್ನ ಬೆಂಚಿನ ಮೇಲೆ ನಿಲ್ಲಿಸಿದೋಳು ನಾನು... ಇರಲಿ. ನಲವತ್ತು ನಿಮಿಷ ನನಗೂ ಬೇಕು.

ಜೂನ್ 24, ಮಂಗಳವಾರ. ಮಧ್ಯಾಹ್ನ 3

ನಿದ್ದೆ? ಬರಲ್ಲ, ದಿನಾ. ಊಟ? ಸೇರಲ್ಲ. ಬಾಯಿಪಾಠ ಒಪ್ಪಿಸುತ್ತಾ ಹೋದೆ. ಮೂರನೇದೋ ನಾಲ್ಕನೇದೋ ಹೇಳುವಾಗ ಗೊತ್ತಾಯ್ತು — ಒಂದೂ ಸುಳ್ಳಲ್ಲ. ಬಾಕ್ಸಿನ ಅನ್ನ ಹದಿನೈದು ದಿನದಿಂದ ಕಸದ ಬುಟ್ಟಿಗೇ ಹೋಗ್ತಿದೆ. "ಯಾರಿಗೂ ಬೇಡದೋಳು" ಅನ್ನೋದನ್ನ ಎರಡು ಸಲ ಹೇಳಿದೆ.

ಕುರ್ಚಿ ಈ ಕಡೆ ಬಂತು. ಗೆದ್ದೆ ಅನಿಸಬೇಕಿತ್ತು.

ಕೊನೇ ಪ್ರಶ್ನೆ. "ಸತ್ತುಹೋದ್ರೆ ಒಳ್ಳೇದು ಅಂತ ಅನ್ಸುತ್ತಾ ಮೇಡಂ?" ಇದಕ್ಕೆ ಪುಟ್ಟಗಂಗಮ್ಮ ಏನಂದಿದ್ದಳೋ ನನಗೆ ಕೇಳಿಸಿರಲಿಲ್ಲ. ಕಾಪಿ ಹೊಡೆಯೋಕೆ ಏನೂ ಇಲ್ಲ. "ದಿನಾ" ಅಂದೆ.

ರೂಪಶ್ರೀ ಪೆನ್ನು ಕೆಳಗಿಟ್ಟರು. ಒಂದೂಕಾಲು ಗಂಟೆ ಕೂತಿದ್ದರು. ಡಾಕ್ಟರನ್ನೂ ಕರೆಸಿದರು. ಆ ಹದಿನಾಲ್ಕರಲ್ಲಿ ಒಂದು ಮಾತ್ರೆ ಕೆಲವರಿಗೆ ಮನಸ್ಸು ಕುಗ್ಗಿಸುತ್ತಂತೆ, ಅದನ್ನ ಬದಲಾಯಿಸ್ತಾರಂತೆ. ಇನ್ನು ದಿನಾ ಬರ್ತಾರಂತೆ ರೂಪಶ್ರೀ.

ಜೂನ್ 25. ಬೆಳಗ್ಗೆ 8

ಪುಟ್ಟಗಂಗಮ್ಮ ಮುಖ ಊದಿಸಿಕೊಂಡಿದ್ದಳು. "ನಿಮ್ ತಾವ ಅಷ್ಟೊತ್ತು ಕುಂತಿದ್ರಲ್ಲ, ಏನ್ ಯೋಳುದ್ರಿ? ನಂಗೆ ಹೊಟ್ಟೆ ಉರ್ದೋಯ್ತು ಕಣ್ರವ್ವ!"

ನಗು ಬಂತು. ನಕ್ಕು ಎಷ್ಟು ದಿನ ಆಗಿತ್ತೋ. ಧೈರ್ಯ ಮಾಡಿ ಕೇಳಿಯೇಬಿಟ್ಟೆ — ಸಾಯೋ ಪ್ರಶ್ನೆಗೆ ನೀವೇನಂದ್ರಿ?

"ಇಲ್ಲ ಅಂದೆ. ಸಾಯಾಕ್ಯಾಕವ್ವ? ಬಸ್ ಸ್ಟ್ಯಾಂಡಲ್ಲಿ ನನ್ ಜಾಗ ಯಾರ್ ಹಿಡ್ಕಂಡವ್ರೋ, ಬಿಡುಸ್ಬ್ಯಾಡ್ವಾ? ಅಳಾದು ಅಳ್ತೀನಿ, ಅದ್ ಬ್ಯಾರೆ."

ಆಮೇಲೆ ನನ್ನ ಮುಖವನ್ನೇ ನೋಡಿದಳು. "ನೀವೇನಂದ್ರಿ, ಮೇಡಂನೋರೆ?"

ನಾನು ಕುರ್ಚಿ ಎಳಕೊಂಡು ಅವಳ ಪಕ್ಕ ಕೂತು ನಿಜ ಹೇಳಿದೆ.