ಒದೆಯದ ರೈಫಲ್

ರೈಫಲ್ ರಿಪೇರಿಯವರಿಗೆ,

ಮೊನ್ನೆಯ ಸ್ಪರ್ಧೆಯಲ್ಲಿ ಅರವತ್ತು ಗುಂಡು ಹಾರಿಸಿದೆ. ಭುಜ ಕಪ್ಪಗಾಗಿಲ್ಲ, ಮುಲಾಮಿನ ಡಬ್ಬಿ ತೆರೆದೇ ಇಲ್ಲ. ಕತ್ತೆಯಂತೆ ಒದೆಯುತ್ತಿದ್ದ ರೈಫಲ್ ಈಗ ಕರುವಿನಂತೆ ಮೂತಿ ತಾಗಿಸುತ್ತದೆ, ಅಷ್ಟೇ.

ನೀವು ಮೊದಲು ಒದೆತ ತಗ್ಗಿಸುವ ಬಫರಿನ ತೂಕವನ್ನಷ್ಟೇ ಹೆಚ್ಚಿಸಿದಾಗ ಮುಂದಿನ ಗುಂಡು ಒಳಗೆ ಬಾರದೆ ಸಿಕ್ಕಿಕೊಂಡಿತ್ತು. ನಾನು ನಿಮ್ಮ ಮೇಲೆ ಹರಿಹಾಯ್ದೆ. "ತೂಕ ಜಾಸ್ತಿ ಆದ್ಮೇಲೆ ಸ್ಪ್ರಿಂಗೂ ಸ್ವಲ್ಪ ಮೆತ್ತಗಾಗ್ಬೇಕು, ಮೇಡಂ" ಎಂದು ನಗುತ್ತಲೇ ಬದಲಾಯಿಸಿಕೊಟ್ಟಿರಿ. ಆ ಮಾತು ಇನ್ನೂ ಕಿವಿಯಲ್ಲಿದೆ.

ನನ್ನ ಮಗಳು ನಿಮ್ಮನ್ನು ಮದುವೆಯಾಗಿ ಮೂರು ವರ್ಷವಾಯಿತು. ನಿಮ್ಮ ಅಂಗಡಿಗೆ ನಾನು ಬಂದದ್ದುಂಟು, ನಿಮ್ಮನ್ನು ಮನೆಗೆ ಕರೆದದ್ದಿಲ್ಲ. ಈ ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ಇನ್ನು ಮೇಲೆ ರಿಪೇರಿ ಚೀಟಿಯಲ್ಲಿ ನನ್ನನ್ನು ‘ಗಿರಾಕಿ’ ಎಂದು ಬರೆಯಬೇಡಿ.

ಇಂತಿ,
ನಿಮ್ಮ ಅತ್ತೆ