ತಿಪ್ಪೇಶನ ಸಿಲಿಂಡರು

ಅಣ್ಣ,

‘ಪ್ರೀತಿಯ’ ಎಂದು ಸೇರಿಸಲು ಕೈ ಬರಲಿಲ್ಲ. ನೀನು ಹೋಗಿ ವರ್ಷಗಳಾದವು, ನನ್ನ ಸಿಟ್ಟು ಹೋಗಿಲ್ಲ. ಕಳೆದ ತಿಂಗಳು ಕೆಲವು ಮಾಜಿ ಸೈನಿಕರು ಹಿರಿಯೂರಿನ ಮನೆಗೆ ಬಂದಿದ್ದರು. ನಿನ್ನ ನೆನಪಿಗೆ ಪುಸ್ತಕ ತರುತ್ತಾರಂತೆ. ತಂಗಿಯಾಗಿ ಎರಡು ಪುಟ ಬರೆದುಕೊಡಬೇಕಂತೆ.

ತೊಂಬತ್ತರ ದಶಕದ ಕೊನೆಗೆ ನೀನು ಸೇನೆಯ ಕಮಾಂಡೊ ಕೆಲಸ ಬಿಟ್ಟು ಬಂದೆ. ಕರಾವಳಿಗೆ ಹೋಗಿ ಆಳದ ಡೈವಿಂಗ್ ಕಲಿತೆ. ಜಗುಲಿಯ ಮೇಲೆ ಸಿಲಿಂಡರಿನ ಪಟ್ಟಿ ಬಿಗಿಯುತ್ತಾ ನನ್ನನ್ನು ಕೆಣಕುತ್ತಿದ್ದೆ: “ಎಲ್ಡೂ ಒಂದೇ ಕಣೇ. ಅಲ್ಲೂ ಕತ್ಲು, ಇಲ್ಲೂ ಕತ್ಲು. ಗಾಬ್ರಿ ಬಿದ್ದೋನು ಸತ್ತ. ಕವಿತೆ ಓದೋರಿಗೆ ಇದೆಲ್ಲ ಎಲ್ಲಿ ತಿಳಿತೈತೆ?”

ತಿಳಿಯುತ್ತಿತ್ತು. ಎರಡರಲ್ಲೂ ಅದೇ ತಾಲೀಮು, ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಮುಟ್ಟಿ ನೋಡುವ ಅದೇ ಶಿಸ್ತು. ಆದರೆ ಡೈವಿಂಗಿನ ಮೊದಲ ಪಾಠ ಬೇರೆ ಎಂದು ನೀನೇ ಹೇಳಿದ್ದೆ. ಗಾಳಿಯಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಮೂರನೆಯದು ಜೊತೆಗಾರನ ಪ್ರಾಣಕ್ಕೆ. ಯಾರೇ ಸಾಕೆಂದು ಸನ್ನೆ ಮಾಡಿದರೂ ಎಲ್ಲರೂ ತಿರುಗಬೇಕು, ಯಾಕೆಂದು ಯಾರೂ ಕೇಳಬಾರದು. ಸೇನೆಯಲ್ಲಿ ಅಧಿಕಾರಿಗೆ ಹಾಗೆ ಸನ್ನೆ ಮಾಡಿ ತಿರುಗಲು ಬರುತ್ತಿತ್ತೇ? ಅಲ್ಲಿ ಕೆಲಸ ಜೀವಕ್ಕಿಂತ ದೊಡ್ಡದು. ಇಲ್ಲಿ ಅಷ್ಟು ದೊಡ್ಡದು ಏನಿತ್ತು ಅಣ್ಣ? ಒಂದು ಪಂಪು.

ಹೊಳಲ್ಕೆರೆ ಕಡೆಯ ಆ ಮುಚ್ಚಿದ ಗಣಿಯಲ್ಲಿ ನೀರು ತುಂಬಿತ್ತು. ಸುತ್ತಲ ಹಳ್ಳಿಗಳಿಗೆ ನೀರೆತ್ತುತ್ತಿದ್ದ ಪಂಪು ಸರಪಳಿ ಹರಿದು ತಳದ ಸುರಂಗಕ್ಕೆ ಜಾರಿತ್ತು. ಅದನ್ನು ಮೇಲೆತ್ತಲು ನಿನ್ನ ಜೊತೆ ಇಳಿದವನು ಬಬ್ಬೂರಿನ ತಿಪ್ಪೇಶ. ಕುರಿ ಕಾಯುವ ಮನೆಯವನು, ಬಾವಿಗಳಲ್ಲಿ ಈಜು ಕಲಿತವನು, ಎರಡು ವರ್ಷ ನೀನೇ ತರಬೇತಿ ಕೊಟ್ಟವನು. ದಡದಲ್ಲಿ ಹಗ್ಗ ಹಿಡಿದು ನಿಂತವಳು ನಾನು.

ತಿಪ್ಪೇಶ ಒಬ್ಬನೇ ಮೇಲೆ ಬಂದ, ಬರಬಾರದಷ್ಟು ಬೇಗ. ಆಳದಿಂದ ಅಲ್ಲಲ್ಲಿ ನಿಂತು ನಿಧಾನವಾಗಿ ಬರದಿದ್ದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಕೈಕಾಲು ಬಿದ್ದುಹೋಗುತ್ತವೆ ಎಂದು ನನಗೂ ಗೊತ್ತಿತ್ತು. ಬಂಡೆಯ ಮೇಲೆ ಮಲಗಿಸಿದಾಗ ಅವನು ಕೇಳಿದ್ದು ಇಷ್ಟೇ: “ಅಕ್ಕಾ, ನನ್ ಕಾಲು ಅವ್ಯಾ ನೋಡ್ರಿ.” ನೀನು ನಿಯಮದಂತೆ ನಿಂತು ನಿಂತು, ಅರ್ಧ ಗಂಟೆ ತಡವಾಗಿ ಬಂದೆ. ನಿನ್ನ ಸಿಲಿಂಡರು ಖಾಲಿ. ಉಸಿರಾಡುತ್ತಿದ್ದದ್ದು ಅವನ ಹೆಸರು ಬರೆದ ಸಿಲಿಂಡರಿನಿಂದ.

ಅವತ್ತು ಸಂಜೆ ನನ್ನೊಬ್ಬಳಿಗೆ ಹೇಳಿದೆ: “ವಾಪಸ್ ಹೋಗಾಣ ಅಂತ ಸನ್ನೆ ಮಾಡ್ದ. ಪಂಪು ಹತ್ತು ಮಾರು ದೂರದಾಗೈತೆ, ಹೆಂಗೆ ಬಿಟ್ ಬರ್ಲಿ?” ನೀನು ಮುಂದೆ ಹೋದೆ. ನಿನ್ನ ಗಾಳಿ ಮುಗಿಯಿತು. ಅವನು ಹಿಂದೆ ಬಂದು ನಿನ್ನನ್ನು ಸುರಂಗದಿಂದ ಎಳೆದ. ಇದ್ದ ಗಾಳಿಯಲ್ಲಿ ಇಬ್ಬರೂ ನಿಧಾನವಾಗಿ ಮೇಲೆ ಬರುವಂತಿರಲಿಲ್ಲ. ಅವನು ತನ್ನ ಸಿಲಿಂಡರು ಬಿಚ್ಚಿ ನಿನಗೆ ಕೊಟ್ಟು, ಒಂದೇ ಉಸಿರಿಗೆ ಮೇಲೆ ಬಂದ. ಮತ್ತೆ ನಡೆಯಲಿಲ್ಲ.

ಮರುದಿನ ಪೊಲೀಸರಿಗೆ ನೀನು ಹೇಳಿದ್ದೇನು? “ಹೆದ್ರಿ ಮ್ಯಾಕೆ ಓಡಿದ, ಸಾರ್.” ಆಮೇಲೆ ನನ್ನ ಕಡೆ ನೋಡಿದೆ. ನಾನು ತಲೆ ಆಡಿಸಿದೆ. ಆ ಪಾಪದಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಇಷ್ಟು ವರ್ಷ... ಕಮಾಂಡೊ ಜೊತೆಗಾರನನ್ನು ಬಿಟ್ಟು ಬರುವುದಿಲ್ಲ ಎಂದು ಎಷ್ಟು ಸಲ ಎದೆ ತಟ್ಟಿಕೊಂಡಿದ್ದೆ? ಅವನನ್ನು ದಡಕ್ಕೆ ಬಂದ ಮೇಲೆ ಬಿಟ್ಟೆ. ಜೊತೆಗಾರ ಓಡಿದರೂ ಎದೆಗುಂದದೆ ಬದುಕಿ ಬಂದವನೆಂದು ಊರು ಹಾರ ಹಾಕುವಾಗ ನೀನು ಕತ್ತು ಬಗ್ಗಿಸಿದೆ.

ಆ ಎರಡು ಪುಟ ಬರೆದೆ, ಅಣ್ಣ. ಎಲ್ಲವನ್ನೂ ಬರೆದೆ, ನಾನು ತಲೆ ಆಡಿಸಿದ್ದನ್ನೂ. ಅಚ್ಚಿಗೆ ಕೊಡುವ ಮೊದಲು ನಿನ್ನೆ ಬಬ್ಬೂರಿಗೆ ಹೋಗಿ ತಿಪ್ಪೇಶನ ಮಂಚದ ಪಕ್ಕ ಕೂತು ಓದಿದೆ.

“ನಮ್ಮಪ್ಪ ನನ್ನ ಪುಕ್ಕಲ ಅನ್ಕಂಡೇ ಸತ್ತ ಕಣಕ್ಕ,” ಎಂದ. ನಾನು ಹಾಳೆ ಮಡಚಿದೆ. ಆಮೇಲೆ ಅವನೇ, “ಇನ್ನೊಂದ್ ಸತಿ ಓದ್ರಿ. ಜೋರಾಗಿ. ಮಗಳು ಒಳಗೆ ಮುದ್ದೆ ತಿರುವ್ತಾಳೆ, ಅವಳ್ಗೂ ಕೇಳ್ಲಿ,” ಎಂದ.

ಜೋರಾಗಿ ಓದಿದೆ.

ನಿನ್ನ ತಂಗಿ